ನಾಲ್ಕನೆಯ ಸಿಲಿಂಡರ್

ಯೂಸುಫ್ ತಾನಾಗಿ ಸತ್ತದ್ದಲ್ಲ, ಜೊಹರಾ. ನನ್ನಿಂದ ಸತ್ತದ್ದು. ಅವನ ಕಾರಿನ ಎಂಜಿನ್ನಿನಲ್ಲಿ ನಾನೇ ಮುರಿದ ಒಂದು ಬೋಲ್ಟನ್ನು ಮುಚ್ಚಿಟ್ಟೆ. ಅಲ್ಲಿಂದ ಸೋರಿದ ಹೊಗೆ ಅವನನ್ನು ಕೊಂದಿತು. ಆಮೇಲೆ ಯಾರಿಗೂ ತಿಳಿಯದ ಹಾಗೆ ಆ ಬೋಲ್ಟನ್ನು ನಾನೇ ಸರಿ ಮಾಡಿದೆ.

ಇಷ್ಟೇ. ಇದನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾದವು. ಎದುರಿಗೆ ಕೂತು ಹೇಳಬೇಕೆಂದು ಎಷ್ಟೋ ಸಲ ಮಸ್ಕತ್ತಿನ ವಾದಿ ಅದಾಯ್‌ನಿಂದ ಬರ್ಕಾದವರೆಗೆ ಬಂದಿದ್ದೇನೆ. ನೀವು ಹೊಲಿಗೆ ಬದಿಗಿಟ್ಟು ಮೊದಲು ಚಹಾ ತರುತ್ತಿದ್ದಿರಿ. ಆ ಚಹಾ ಕುಡಿದ ಮೇಲೆ ನನಗೆ ಮಾತು ಬರುತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಬರೆದದ್ದನ್ನು ನೀವು ಹರಿದು ಹಾಕಬಹುದು, ಆದರೆ ಮಧ್ಯದಲ್ಲಿ ಎದ್ದು ಹೋಗಿ ಚಹಾ ತರಲಿಕ್ಕಾಗುವುದಿಲ್ಲ.

ನಾನೂ ಯೂಸುಫನೂ ಒಂದೇ ಊರಿನವರು ಎಂದು ನಿಮಗೆ ಗೊತ್ತು. ಪಕ್ಷಿಕೆರೆಯ ಶಾಲೆಯಲ್ಲಿ ಒಂದೇ ಬೆಂಚು. ಅವನು ಮೊದಲು ಮಸ್ಕತ್ತಿಗೆ ಬಂದ. ನಾನು ಗ್ಯಾರೇಜು ಸೇರಿದ್ದು ಅವನ ಮಾತಿನಿಂದ. ನಾವಿಬ್ಬರು ಸೇರಿದರೆ ತುಳು. ನೀವು ಘಟ್ಟದ ಮೇಲಿನವರು, ತುಳು ತಿಳಿಯುತ್ತಿರಲಿಲ್ಲ. ನೀವು ಬಂದು ಕೂತ ಕೂಡಲೆ ಅವನು ಕನ್ನಡಕ್ಕೆ ತಿರುಗುತ್ತಿದ್ದ, ಅರ್ಧ ವಾಕ್ಯದಲ್ಲಿ. ನಿಮ್ಮನ್ನು ಹೊರಗಿಟ್ಟು ಮಾತಾಡುವುದು ಅವನಿಗೆ ಆಗುತ್ತಿರಲಿಲ್ಲ. ನಾನು ನಿಮ್ಮನ್ನು ಹೊರಗಿಟ್ಟೆ — ಎಷ್ಟು ವರ್ಷ!

ಆ ಕಾರಿನ ಕಥೆ ಮೊದಲಿಂದ ಹೇಳುತ್ತೇನೆ. ಅವನು ಸಾಬೂನು, ಪೌಡರು, ಬಳೆ, ಕ್ಲಿಪ್ಪು ತುಂಬಿಕೊಂಡು ಬಾತಿನಾ ಕರಾವಳಿಯ ಅಂಗಡಿಗಳಿಗೆ ಹಾಕಿ ಬರುತ್ತಿದ್ದ ಆ ಬಿಳಿ ಗಾಡಿ. ಹೊಗೆಯ ವಾಸನೆ ಬರುತ್ತದೆ ಎಂದು ಒಮ್ಮೆ ನನ್ನ ಹತ್ತಿರ ತಂದ. ಎಂಜಿನ್ನಿನ ಪಕ್ಕದಲ್ಲಿ ಎರಕದ ಒಂದು ಕೊಳವೆ ಇರುತ್ತದೆ, ಮ್ಯಾನಿಫೋಲ್ಡ್ ಅನ್ನುತ್ತೇವೆ. ನಾಲ್ಕು ಸಿಲಿಂಡರುಗಳಲ್ಲಿ ಉರಿದ ಹೊಗೆಯನ್ನೆಲ್ಲ ಒಟ್ಟುಮಾಡಿ ಹಿಂದಿನ ಸೈಲೆನ್ಸರಿಗೆ ಕಳಿಸುವುದು ಅದರ ಕೆಲಸ. ಅದರ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟಿತ್ತು. ಸಣ್ಣ ಕೆಲಸ. ಬಿಚ್ಚುವಾಗ ಕೊನೆಯ ಬೋಲ್ಟು, ನಾಲ್ಕನೆಯ ಸಿಲಿಂಡರಿನದು, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಿಸಿ ಮಾಡಿ, ಎಣ್ಣೆ ಬಿಟ್ಟು, ಕಾದು ತೆಗೆಯಬೇಕು. ನಾನು ಕಾಯಲಿಲ್ಲ. ಪಾನಾ ಹಾಕಿ ಎಳೆದೆ. ಟಕ್ ಎಂದು ಒಳಗೇ ಮುರಿಯಿತು.

ಮುರಿದದ್ದು ತಪ್ಪಲ್ಲ, ಯಾರ ಕೈಯಲ್ಲೂ ಮುರಿಯುತ್ತದೆ. ಆಮೇಲೆ ಮಾಡಿದ್ದು ತಪ್ಪು.

ಅದನ್ನು ಕೊರೆದು ತೆಗೆಯಬೇಕಿತ್ತು. ಒಂದು ದಿನದ ಕೆಲಸ. ಎಲ್ಲರ ಕಣ್ಣೆದುರಿಗೆ ಆಗುವ ಕೆಲಸ. ಆ ತಿಂಗಳೇ ನನ್ನನ್ನು ಫೋರ್‌ಮನ್ ಮಾಡಿದ್ದರು. ಅದಕ್ಕೂ ಸ್ವಲ್ಪ ಮುಂಚೆ, ಇದೇ ರೀತಿ ಬೋಲ್ಟು ಮುರಿದ ಒಬ್ಬ ಮಲಯಾಳಿ ಮೆಕ್ಯಾನಿಕ್‌ಗೆ ನಾನು ಎಲ್ಲರ ಮುಂದೆ ಬೈದಿದ್ದೆ — ಆಳು ಕುಗ್ಗಿಹೋಗುವ ಹಾಗೆ. ಈಗ ನಾನು ಅವನನ್ನೇ ಕರೆದು ಡ್ರಿಲ್ ಹಿಡಿ ಅನ್ನಬೇಕು. ಅದು ನನ್ನಿಂದಾಗಲಿಲ್ಲ. ಹೊಸ ಗ್ಯಾಸ್ಕೆಟ್ ಇಟ್ಟು, ಆ ಜಾಗಕ್ಕೆ ಬಿಸಿ ತಡೆಯುವ ಪೇಸ್ಟ್ ಮೆತ್ತಿ, ಉಳಿದ ಬೋಲ್ಟುಗಳನ್ನು ಬಿಗಿದು ಕಳಿಸಿಬಿಟ್ಟೆ. ಮುಂದಿನ ಸರ್ವಿಸಿಗೆ ಬಂದಾಗ ಸರಿ ಮಾಡಿದರಾಯಿತು ಎಂದುಕೊಂಡೆ. ಯೂಸುಫನಿಗೆ ಹೇಳಿದ್ದರೆ ಅವನು ನಕ್ಕು, ನಿನಗೂ ಮುರೀತದಾ ಮಾರಾಯ ಎಂದು ನಾಲ್ಕು ದಿನ ತಮಾಷೆ ಮಾಡಿ ಬಿಡುತ್ತಿದ್ದ. ಅಷ್ಟೇ ಆಗುತ್ತಿದ್ದದ್ದು. ಅಷ್ಟಕ್ಕೆ ಹೆದರಿದೆ.

ಕೆಲವು ವಾರ ಕಳೆದು ಗಾಡಿ ವಾಪಸು ಬಂತು. ಎಂಜಿನ್ನಿನ ಹಳದಿ ದೀಪ ಉರಿಯುತ್ತಿದೆ, ಸಿಗ್ನಲಿನಲ್ಲಿ ನಿಂತರೆ ಗಾಡಿ ನಡುಗುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ ಎಂದ. ಸ್ಕ್ಯಾನರ್ ಹಾಕಿದೆ. ನಾಲ್ಕನೆಯ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಸರಿಯಿಲ್ಲ ಎಂದು ಬಂತು.

ನಿಮಗೆ ಇದು ಅರ್ಥವಾಗಬೇಕು, ಜೊಹರಾ. ಅರ್ಥವಾಗದೆ ಹೋದರೆ ನಾನು ಮಾಡಿದ್ದು ಏನು ಎಂದು ಪೂರ್ತಿ ಗೊತ್ತಾಗುವುದಿಲ್ಲ. ಒಂದೊಂದು ಸಿಲಿಂಡರಿಗೂ ಇಷ್ಟು ಪೆಟ್ರೋಲಿಗೆ ಇಷ್ಟು ಗಾಳಿ ಎಂದು ಲೆಕ್ಕವಿದೆ. ಉರಿದು ಬಂದ ಹೊಗೆಯನ್ನು ಒಂದು ಸೆನ್ಸರ್ ಮೂಸಿ ನೋಡಿ ಕಂಪ್ಯೂಟರಿಗೆ ಹೇಳುತ್ತದೆ. ಮ್ಯಾನಿಫೋಲ್ಡಿನಲ್ಲಿ ಎಲ್ಲಾದರೂ ಸಂದು ಬಿಟ್ಟರೆ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಸೆನ್ಸರ್ ಮೋಸ ಹೋಗುತ್ತದೆ. ಗಾಳಿ ಹೆಚ್ಚಾಯಿತು, ಪೆಟ್ರೋಲ್ ಸಾಲದು ಎನ್ನುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೆಚ್ಚಾದ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಅರ್ಧ ಉರಿದ ಆ ಹೊಗೆಯಲ್ಲಿ ಒಂದು ವಿಷವಿದೆ — ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆ ಬಂದ ಹಾಗಾಗುತ್ತದೆ, ಅಷ್ಟೇ. ಮತ್ತು ಅದು ಅದೇ ಸಂದಿನಿಂದ ಹೊರಗೂ ಬರುತ್ತದೆ.

ಸ್ಕ್ಯಾನರ್ ತೋರಿಸಿದ್ದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ದೋಷವಾಗಿರಬಹುದು, ಬೇರೆ ಕಡೆ ಗಾಳಿ ಎಳೆಯುತ್ತಿರಬಹುದು. ಗೊತ್ತಿಲ್ಲದವನು ಒಂದೊಂದಾಗಿ ಪರೀಕ್ಷೆ ಮಾಡಿ ನೋಡಬೇಕು. ನನಗೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ನಾಲ್ಕನೆಯ ಸಿಲಿಂಡರ್ ಎಂದು ನೋಡಿದ ಕ್ಷಣವೇ ಅದು ನಾನು ಮುರಿದ ಬೋಲ್ಟು ಎಂದು ತಿಳಿಯಿತು. ಆದರೂ ನಾಟಕ ಮಾಡಿದೆ. ಯೂಸುಫ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ನಾಲ್ಕನೆಯ ಇಂಜೆಕ್ಟರನ್ನು ಎರಡನೆಯದರ ಜಾಗಕ್ಕೆ ಹಾಕಿದೆ. ದೋಷ ಇಂಜೆಕ್ಟರಿನದಾಗಿದ್ದರೆ ಅದು ಎರಡಕ್ಕೆ ಹೋಗಬೇಕು. ಹೋಗಲಿಲ್ಲ, ನಾಲ್ಕರಲ್ಲೇ ಉಳಿಯಿತು. ಬಗ್ಗಿ ಟಾರ್ಚ್ ಬಿಟ್ಟೆ. ಮ್ಯಾನಿಫೋಲ್ಡಿನ ಕೊನೆಯಲ್ಲಿ, ನನ್ನ ಪೇಸ್ಟ್ ಉದುರಿಹೋದ ಕಡೆ, ಮಸಿಯ ಕಪ್ಪು ಗೆರೆ. ಅಲ್ಲಿಂದ ಕಣ್ಣು ಮೇಲೆತ್ತಿದರೆ, ಎ.ಸಿ.ಗೆ ಹೊರಗಾಳಿ ಎಳೆಯುವ ಜಾಗದ ರಬ್ಬರು ಬಿಸಿಲಿಗೆ ಸೀಳಿ ನಿಂತಿತ್ತು. ಸೋರಿದ ಹೊಗೆಯನ್ನು ಎ.ಸಿ. ಅಲ್ಲಿಂದ ಗಾಡಿಯೊಳಗೆ ಎಳೆಯುತ್ತದೆ. ಅದನ್ನೂ ನೋಡಿದೆ. ಎರಡನ್ನೂ ನೋಡಿದೆ, ಜೊಹರಾ. ನೋಡಲಿಲ್ಲ ಎಂದು ಮಾತ್ರ ಹೇಳಲಾರೆ.

ಇಂಜೆಕ್ಟರಿನಲ್ಲಿ ಕೊಳೆ ಕೂತಿದೆ, ತೊಳೆದರೆ ಸಾಕು ಎಂದೆ. ತೊಳೆದೆ. ಸಂದಿಗೆ ಇನ್ನಷ್ಟು ಪೇಸ್ಟ್ ಮೆತ್ತಿದೆ. ಸ್ಕ್ಯಾನರಿನಲ್ಲಿ ದೋಷದ ಗುರುತನ್ನು ಅಳಿಸಿದೆ. ಹಳದಿ ದೀಪ ಆರಿತು. ಅವನಿಗೆ ಖುಷಿ. ಗಾಡಿ ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ:

"ಸುವೈಕ್‌ನಲ್ಲಿ ಮಧ್ಯಾಹ್ನ ಅಂಗಡಿ ಎಲ್ಲ ಬಂದ್ ಇರ್ತದೆ. ಎ.ಸಿ. ಹಾಕಿ ಗಾಡಿಯಲ್ಲೇ ಒಂದು ನಿದ್ರೆ ತೆಗೆಯುದು ನಾನು. ಎಂಜಿನ್ನಿಗೆ ಏನಾದ್ರೂ ಆಗ್ತದಾ?"

ಅವನು ಕೇಳಿದ್ದು ಎಂಜಿನ್ನಿನ ಬಗ್ಗೆ. ತನ್ನ ಬಗ್ಗೆ ಅಲ್ಲ.

ಒಂದು ಕ್ಷಣ — ಆ ಒಂದು ಕ್ಷಣವನ್ನು ಎಷ್ಟು ಸಲ ವಾಪಸು ಕರೆದಿದ್ದೇನೆ! — ಬಾಯಿ ತೆರೆದೆ. ನಿಲ್ಲಿಸಿ ಮಲಗಬೇಡ ಎನ್ನಬಹುದಿತ್ತು. ಕಾರಣ ಹೇಳಬೇಕಾಗಿರಲಿಲ್ಲ; ಏನೋ ಒಂದು ಸುಳ್ಳು ಕಾರಣ ಸಾಕಿತ್ತು. ಆದರೆ ಅವನು ಯಾಕೆ ಎಂದು ಕೇಳುತ್ತಾನೆ, ಕೇಳಿ ಇಳಿದು ಬರುತ್ತಾನೆ, ಬಾನೆಟ್ ಎತ್ತು ಎನ್ನುತ್ತಾನೆ ಎಂದು ಹೆದರಿದೆ.

"ದಾಲ ಆಪುಜಿ" ಎಂದೆ. ಏನೂ ಆಗುವುದಿಲ್ಲ.

ಅವನು ಕೈ ಎತ್ತಿ ಹೋದ.

ಉಳಿದದ್ದು ನಿಮಗೆ ಗೊತ್ತಿದೆ ಎಂದು ನೀವು ಅಂದುಕೊಂಡಿದ್ದೀರಿ. ಆ ಮಧ್ಯಾಹ್ನ ಸುವೈಕ್‌ನ ಮಾರುಕಟ್ಟೆಯ ಹಿಂದೆ, ಎರಡು ಗೋಡೆಗಳ ನಡುವೆ ತಗಡಿನ ನೆರಳು ಕಂಡು ಗಾಡಿ ನಿಲ್ಲಿಸಿದ್ದಾನೆ. ಗಾಳಿ ಆಡದ ಜಾಗ. ಅಂಗಡಿ ತೆರೆಯಲು ಬಂದ ಒಬ್ಬ ಬಂಗಾಲಿ, ಎಂಜಿನ್ ಓಡುತ್ತಿದ್ದರೂ ಒಳಗಿದ್ದವನು ಏಳದ್ದನ್ನು ನೋಡಿ ಗಾಜು ಒಡೆದ. ಆಸ್ಪತ್ರೆಗೆ ಹಾಕಿದರು. ನೀವು ಪುಟ್ಟ ಮಗಳು ಶಿಫಾಳನ್ನು ಎತ್ತಿಕೊಂಡು ಐ.ಸಿ.ಯು. ಹೊರಗೆ ಕೂತಿದ್ದಿರಿ. ನಾನು ಓಡಿಬಂದೆ. ರಕ್ತದಲ್ಲಿ ಹೊಗೆಯ ವಿಷವಿದೆ ಎಂದು ಡಾಕ್ಟರು ಹೇಳಿದಾಗ ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ನೀವು ನನ್ನ ಮುಖ ನೋಡಿದಿರಿ. ಗಾಡಿಯ ವಿಷಯ ತಿಳಿದವನು ನಾನೇ ತಾನೇ! "ಹೊಗೆ ಒಳಗೆ ಹೇಗೆ ಬಂತು ದಿನಕರಣ್ಣ?" ಎಂದಿರಿ. ನೋಡ್ತೇನೆ ಎಂದೆ.

ನೋಡಿದೆ. ಇನ್ನು ಹೇಳುವುದು ನಿಮಗೆ ಗೊತ್ತಿಲ್ಲದ್ದು.

ಗಾಡಿ ಮಾರುಕಟ್ಟೆಯಲ್ಲೇ ನಿಂತಿತ್ತು. ಮಾರನೆಯ ಬೆಳಿಗ್ಗೆ ಯೂಸುಫನ ಅಣ್ಣ ಇಬ್ರಾಹಿಂ ಕೀ ತಂದು ನನ್ನ ಕೈಗೆ ಕೊಟ್ಟ. ಬಿಸಿಲಿಗೆ ಸಾಮಾನು ಹಾಳಾಗ್ತದೆ, ಗಾಡಿಯನ್ನು ನಿಮ್ಮ ಗ್ಯಾರೇಜಿಗೆ ತಕ್ಕೊಂಡು ಹೋಗಿ ಇಡಿ ಎಂದ. ನಂಬಿ ಕೊಟ್ಟ. ಉಳಿದ ಕಿಟಕಿಗಳನ್ನೆಲ್ಲ ತೆರೆದು ವಾದಿ ಅದಾಯ್‌ವರೆಗೆ ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ಬಳೆಯ ಪೆಟ್ಟಿಗೆಗಳು ದಾರಿಯುದ್ದಕ್ಕೂ ಸದ್ದು ಮಾಡುತ್ತಿದ್ದವು. ಗ್ಯಾರೇಜಿಗೆ ರಜೆಯ ದಿನ. ಹಗಲೇ, ಬಾಗಿಲು ಅರ್ಧ ಎಳೆದು, ಆ ಮುರಿದ ಬೋಲ್ಟನ್ನು ಕೊರೆದು ತೆಗೆದೆ. ಮೊದಲು ಒಂದು ದಿನವಾಗುತ್ತದೆ ಎಂದು ನಾನು ಬಿಟ್ಟ ಕೆಲಸ ಸಂಜೆಯೊಳಗೆ ಮುಗಿಯಿತು. ಹೊಸ ಬೋಲ್ಟು ಹಾಕಿದೆ. ಮಸಿಯ ಗೆರೆ ತಿಕ್ಕಿ ಒರೆಸಿದೆ. ಸೀಳಿದ ರಬ್ಬರು ಬದಲಾಯಿಸಿದೆ. ಹೊಸ ಬೋಲ್ಟು ಹೊಳೆಯಬಾರದು ಎಂದು ಅದಕ್ಕೆ ಹಳೆಯ ಗ್ರೀಸ್ ಬಳಿದೆ. ಎಲ್ಲವನ್ನೂ ಎರಡೆರಡು ಸಲ ನೋಡಿದೆ, ಜೊಹರಾ. ಅದನ್ನು ನಾನು ಮರೆಯಲಾರೆ. ನನ್ನ ಜೀವನದಲ್ಲಿ ಅಷ್ಟು ಶುದ್ಧವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅವನು ಆಗ ಇನ್ನೂ ಬದುಕಿದ್ದ — ಆಸ್ಪತ್ರೆಯಲ್ಲಿ ಉಸಿರು ಎಳೆಯುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ಹೋದ. ಪೊಲೀಸರು ಗಾಡಿ ನೋಡಲು ಬಂದರು. ಒಡೆದ ಕಿಟಕಿಗೆ ಪ್ಲಾಸ್ಟಿಕ್ ಮುಚ್ಚಿ, ಗಾಡಿಯನ್ನು ಓಡಿಸಿ, ಒಳಗೆ ಯಂತ್ರವಿಟ್ಟು ಅಳೆದರು. ಹೊಗೆ ಎಲ್ಲಿಯೂ ಸೋರುತ್ತಿರಲಿಲ್ಲ. ಸೋರುವುದಾದರೂ ಹೇಗೆ? ಹಿಂದೆ ಏನಾದರೂ ರಿಪೇರಿ ಇತ್ತೇ ಎಂದು ಅಧಿಕಾರಿ ಕೇಳಿದರು. ಇಂಜೆಕ್ಟರ್ ತೊಳೆದಿದ್ದೆ, ಬೇರೇನೂ ಇಲ್ಲ ಎಂದೆ. ಅವರು ನೋಡಿದ್ದನ್ನು ಬರೆದುಕೊಂಡರು, ನಾನು ಹೇಳಿದ್ದನ್ನೂ ಬರೆದುಕೊಂಡರು. ಅವರದು ತಪ್ಪಿಲ್ಲ. ಅವರ ಮುಂದೆ ಇದ್ದದ್ದು ಒಳ್ಳೆಯ ಗಾಡಿ, ನಂಬುವಂಥ ಫೋರ್‌ಮನ್.

ಗಾಡಿ ಸರಿಯಿದ್ದರೆ ಹೊಗೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಜನ ತಾವೇ ಉತ್ತರ ಹುಡುಕಿಕೊಂಡರು. ಹಿಂದಿನ ದಿನ ಅಣ್ಣತಮ್ಮಂದಿರಿಗೆ ಅಂಗಡಿ ಪಾಲಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತಂತೆ. ಯೂಸುಫ್ ಊಟ ಬಿಟ್ಟು ಎದ್ದುಹೋಗಿದ್ದನಂತೆ. ಅವನೇ ಏನೋ ಮಾಡಿಕೊಂಡ, ಸೈಲೆನ್ಸರಿಗೆ ಬಟ್ಟೆ ತುರುಕಿದ್ದ, ಪೈಪು ಎಳೆದಿದ್ದ — ನೋಡಿದವರಿಲ್ಲ, ಹೇಳಿದವರು ಬಹಳ. ಮೊದಲು ಹೇಳಿದ್ದು ಇಬ್ರಾಹಿಂ. ಜಗಳದ ಭಾರ ಅವನ ಎದೆಯ ಮೇಲಿತ್ತು, ಅಳುತ್ತಾ ಹೇಳಿದ. ಅದಕ್ಕೇ ಜನ ನಂಬಿದರು. ದಫನದ ದಿನ ನಾನು ಕಬರಸ್ತಾನದ ಗೋಡೆಯ ಹೊರಗೆ ನಿಂತಿದ್ದೆ. ಕೆಲವರು ನಮಾಜಿಗೆ ನಿಲ್ಲದೆ ದೂರ ಸರಿದದ್ದನ್ನು ನೋಡಿದೆ. ಊರಿನಲ್ಲಿ ಅವನ ಹೆಸರಿನಲ್ಲಿ ಕುರಾನ್ ಓದಿಸಲಿಕ್ಕೂ ಹಿಂದೆಮುಂದೆ ನೋಡಿದರು ಎಂದು ಆಮೇಲೆ ತಿಳಿಯಿತು. ಆತ್ಮಹತ್ಯೆ ಹರಾಮ್ ಎಂದು ನಿಮ್ಮ ಮುಖಕ್ಕೇ ಹೇಳಿದವರೂ ಇದ್ದರಂತೆ.

ನೀವು ಮಾತ್ರ ಒಪ್ಪಲಿಲ್ಲ. ಅವನ ಫೋನ್ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದಿರಿ. ಸಂಜೆಯ ಅಸರ್ ನಮಾಜಿಗೆ ಏಳಲು ಅಲಾರಂ ಇಟ್ಟು ಮಲಗಿದ್ದಾರೆ, ಸಾಯುವವರು ಅಲಾರಂ ಇಡ್ತಾರಾ ಎಂದು ಕೇಳುತ್ತಿದ್ದಿರಿ. ಜನ ತಲೆಯಾಡಿಸಿ ಹೋಗುತ್ತಿದ್ದರು. ನನಗೂ ತೋರಿಸಿದಿರಿ. ನಾನೂ ತಲೆಯಾಡಿಸಿದೆ.

ಊರಿಗೆ ಹೋಗಿ ಆ ಮಾತು ಕೇಳುತ್ತಾ ಬದುಕುವುದಕ್ಕಿಂತ ಇಲ್ಲೇ ಇರುತ್ತೇನೆ ಎಂದು ಬರ್ಕಾದಲ್ಲಿ ಹೊಲಿಗೆಯಂಗಡಿಗೆ ಸೇರಿದಿರಿ. ಅಂಗಡಿಯ ಒಮಾನಿ ಒಡತಿ ನಿಮ್ಮನ್ನು ಮಗಳ ಹಾಗೆ ನೋಡಿಕೊಂಡರು. ನಾನು ಈದ್‌ಗೆ ಬಂದೆ, ಶಾಲೆ ಶುರುವಾಗುವಾಗ ಬಂದೆ, ಶಿಫಾಳಿಗೆ ಜ್ವರ ಬಂದಾಗ ಬಂದೆ. ಒಳ್ಳೆಯತನದಿಂದ ಬಂದೆ ಎಂದು ನೀವು ನಂಬಿದಿರಿ. ಒಮ್ಮೆ ಬಾಗಿಲಿನವರೆಗೆ ಬಂದು ಹೇಳಿದ್ದಿರಿ: "ಅವರು ಹೋದ ಮೇಲೆ ನಮ್ಮನ್ನು ಸಂಶಯದಿಂದ ನೋಡದವರು ನೀವೊಬ್ಬರೇ, ದಿನಕರಣ್ಣ." ಆ ದಿನ ಮೆಟ್ಟಿಲಿಳಿದು ಗಾಡಿಯಲ್ಲಿ ಕೂತು — ಏನು ಹೇಳಲಿ. ಅತ್ತುಬಿಟ್ಟೆ ಎಂದರೆ ಅದೂ ನನ್ನ ಬಗ್ಗೆ ಕನಿಕರ ಹುಟ್ಟಿಸುವ ಮಾತಾಗುತ್ತದೆ. ಸಂಶಯ ಪಡಲು ನನಗೆ ಜಾಗವೇ ಇರಲಿಲ್ಲ. ನನಗೆ ಸತ್ಯ ಗೊತ್ತಿತ್ತು.

ಈಗ ಯಾಕೆ ಹೇಳುತ್ತಿದ್ದೇನೆ? ನನ್ನ ಮನಸ್ಸು ಕರಗಿ ಅಲ್ಲ. ಕೇಳಿದವಳು ನಿಮ್ಮ ಮಗಳು.

ಕಳೆದ ವಾರ ಪರೀಕ್ಷೆಗೆಂದು ಅವಳನ್ನು ಮಸ್ಕತ್ತಿಗೆ ಕರೆದುಕೊಂಡು ಹೋಗಲು ನೀವೇ ಹೇಳಿದ್ದಿರಿ. ಕಾರು ಹತ್ತಿದ ಕೂಡಲೆ ಅವಳು ಕಿಟಕಿ ಇಳಿಸಿದಳು. ಹೊರಗೆ ಬೆಂಕಿಯಂಥ ಗಾಳಿ. ಎ.ಸಿ. ಇದೆಯಲ್ಲ ಮಗಾ ಎಂದೆ. ಪರವಾಗಿಲ್ಲ ಅಂಕಲ್ ಎಂದಳು. ಯಾರ ಗಾಡಿಯಲ್ಲಿ ಕೂತರೂ ಅವಳು ಹಾಗೇ ಮಾಡುತ್ತಾಳಂತೆ, ಶಾಲೆಯ ಬಸ್ಸಿನಲ್ಲೂ. ನಿಮಗೆ ಇದು ಗೊತ್ತಿದೆಯೋ ಇಲ್ಲವೋ. ಸೀಬ್ ದಾಟಿದ ಮೇಲೆ, ರಸ್ತೆಯನ್ನೇ ನೋಡುತ್ತಾ ಕೇಳಿದಳು:

"ಅಂಕಲ್, ಡಿಡ್ ಹಿ ಡು ಇಟ್ ಹಿಮ್‌ಸೆಲ್ಫ್? ನಿಜ ಹೇಳಿ. ಅಮ್ಮನಿಗೆ ನಾನು ಹೇಳಲ್ಲ."

ತನ್ನನ್ನು ಬಿಟ್ಟು ಹೋಗಬೇಕು ಅನ್ನಿಸುವಷ್ಟು ತಾನು ಬೇಡವಾಗಿದ್ದೆನೇ ಎಂದು ಆ ಮಗು ಇಷ್ಟು ವರ್ಷ ಒಳಗೊಳಗೇ ಲೆಕ್ಕ ಹಾಕಿದೆ. ಅದನ್ನೂ ಹೇಳಿದಳು, ಇಂಗ್ಲಿಷಿನಲ್ಲಿ, ಅಳದೆ. ನಿಮ್ಮನ್ನು ಜನ ಆಡಿಕೊಂಡದ್ದು ಮಾತ್ರ ನನ್ನ ಪಾಪ ಎಂದು ನಾನು ತಿಳಿದಿದ್ದೆ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಹೇಳಿದೆ. ಬೋಲ್ಟು ಮುರಿದದ್ದರಿಂದ ಹಿಡಿದು ಗ್ರೀಸ್ ಬಳಿದದ್ದರವರೆಗೆ ಎಲ್ಲ. ಪರೀಕ್ಷೆಗೆ ಹೋಗುವ ಹುಡುಗಿಗೆ ದಾರಿಯಲ್ಲಿ ಹೇಳುವ ಮಾತೇ ಅದು? ಅಲ್ಲ. ಆದರೆ ಆಗ ಇಲ್ಲದ ಬುದ್ಧಿ ನನಗೆ ಈಗ ಎಲ್ಲಿಂದ ಬರಬೇಕು. ಅವಳು ಪೂರ್ತಿ ಕೇಳಿದಳು. ನಡುವೆ ಒಂದೇ ಒಂದು ಪ್ರಶ್ನೆ — ಅಬ್ಬನಿಗೆ ನೋವಾಗಿತ್ತಾ? ಇಲ್ಲ, ನಿದ್ರೆ ಬಂದ ಹಾಗಾಗಿರ್ತದೆ ಎಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಟೈಮ್ ಆಗ್ತದೆ, ಹೋಗೋಣ ಎಂದಳು. ಶಾಲೆಯ ಗೇಟಿನಲ್ಲಿ ಇಳಿದು, ಬಾಗಿಲು ಮುಚ್ಚುವ ಮೊದಲು ಹೇಳಿದಳು:

"ಅಮ್ಮನಿಗೆ ನೀವೇ ಹೇಳಿ. ನಾನು ಹೇಳಲ್ಲ. ವಾಪಸ್ ಕರ್ಕೊಂಡು ಹೋಗೋದಕ್ಕೆ ನೀವು ಬರಬೇಡಿ."

ಅವಳು ಆ ದಿನ ಬಸ್ಸಿನಲ್ಲಿ ಬಂದದ್ದು ಅದಕ್ಕೆ. ಗೆಳತಿಯರ ಜೊತೆ ಬಂದೆ ಎಂದು ನಿಮಗೆ ಹೇಳಿರಬಹುದು. ಅವಳನ್ನು ಬೈಯಬೇಡಿ.

ಮೊನ್ನೆ ನನ್ನ ಕಫೀಲ್‌ಗೂ ಹೇಳಿದೆ. ಗ್ಯಾರೇಜಿನ ಮಾಲೀಕರು ಅವರು, ವಯಸ್ಸಾದವರು. ಹಳೆಯ ಮಾತು, ಖಲಾಸ್, ಬಿಟ್ಟುಬಿಡು ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಬಿಡುವುದು ನನಗೆ ಯಾವಾಗಲೂ ಸುಲಭವಾಗಿಯೇ ಇತ್ತು. ಬಿಟ್ಟು ಬಿಟ್ಟೇ ಇಲ್ಲಿಗೆ ಬಂದದ್ದು. ಆಗುವುದಿಲ್ಲ ಎಂದೆ. ಊರಿಗೆ ಹೋಗಲೆಂದು ಶುರು ಮಾಡಿದ್ದ ಪಾಸ್‌ಪೋರ್ಟಿನ ಕೆಲಸವನ್ನೆಲ್ಲ ನಿಲ್ಲಿಸಿದ್ದೇನೆ. ನಾನು ಊರಿಗೆ ಓಡಿಹೋದೆ ಎಂದು ನೀವು ಕೇಳುವ ಹಾಗೆ ಆಗುವುದಿಲ್ಲ.

ಈ ಶುಕ್ರವಾರ ಬರ್ಕಾಕ್ಕೆ ಬರುತ್ತೇನೆ. ನಿಮ್ಮ ಮನೆಗಲ್ಲ. ಜುಮಾ ಮುಗಿಸಿ ಜನ ಹೊರಗೆ ಬರುವ ಹೊತ್ತಿಗೆ ಮಸೀದಿಯ ಮುಂದಿನ ಬಯಲಿನಲ್ಲಿ ನಿಂತಿರುತ್ತೇನೆ. ನಮ್ಮ ಕಡೆಯವರೆಲ್ಲ ಅಲ್ಲಿ ಕೂಡುತ್ತಾರೆ. ಇಬ್ರಾಹಿಮನಿಗೂ ಬರಲು ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ತಮ್ಮ ತನ್ನ ಮಾತಿನಿಂದ ಸತ್ತ ಎಂದು ಅವನೂ ಇಷ್ಟು ವರ್ಷ ಹೊತ್ತಿದ್ದಾನೆ. ಅದೂ ನನ್ನದೇ ಭಾರ. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗುತ್ತೇನೆ. ಮುಂದೆ ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ವಿಚಾರಿಸಿಯೂ ನೋಡಿಲ್ಲ. ವಿಚಾರಿಸಿದರೆ ಮತ್ತೆ ದಾರಿ ಹುಡುಕತೊಡಗುತ್ತೇನೆ, ನನ್ನನ್ನು ನಾನು ಬಲ್ಲೆ.

ಕ್ಷಮಿಸಿ ಎಂದು ಬರೆದು ಅಳಿಸಿದೆ. ಮತ್ತೆ ಬರೆದು ಮತ್ತೆ ಅಳಿಸಿದೆ. ಅದನ್ನು ಕೇಳುವುದೆಂದರೆ ನಿಮ್ಮ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗೆ. ಬೇಡ.

ಬಯಲಿನಲ್ಲಿ ಏನು ಹೇಳಬೇಕೆಂದು ಯೋಚಿಸಿಟ್ಟಿದ್ದೇನೆ. ಎಂಜಿನ್ನು, ಸೆನ್ಸರು, ಮಿಶ್ರಣ ಯಾವುದೂ ಇಲ್ಲ. ಅದನ್ನೆಲ್ಲ ಕೇಳಿದವರಿಗೆ ಆಮೇಲೆ ಹೇಳಬಹುದು. ಯೂಸುಫ್ ಆತ್ಮಹತ್ಯೆ ಮಾಡಿಕೊಂಡವನಲ್ಲ, ಅವನು ಸತ್ತದ್ದು ನನ್ನ ತಪ್ಪಿನಿಂದ, ಅದನ್ನು ಮುಚ್ಚಿದವನೂ ನಾನೇ ಎಂದು ಮೊದಲು ಹೇಳುತ್ತೇನೆ. ಗಟ್ಟಿಯಾಗಿ, ಹಿಂದೆ ನಿಂತವರಿಗೂ ಕೇಳುವ ಹಾಗೆ. ಯಾರಾದರೂ ಕಾಲರ್ ಹಿಡಿದರೂ ಸರಿ, ಕೇಳಿಸದೆ ಹೋದವರಿಗೆ ಇನ್ನೊಮ್ಮೆ ಹೇಳುತ್ತೇನೆ.